ಅನಿರ್ಬಂಧ ವ್ಯಾಪಾರವೂ ಬಳ್ಳಾರಿ ಸೀಮೆಯ ಒಕ್ಕಲುತನವೂ

ಸರಕಿನ ಮೇಲೆ ಸುಂಕವನ್ನಾಗಲಿ ತಡೆಯನ್ನಾಗಲಿ ವಿಧಿಸದೆ, ಕೊಳ್ಳುವವರೂ ಮಾರುವವರೂ ತಮ್ಮೊಳಗೇ ಧಾರಣೆಯನ್ನು ಗೊತ್ತುಮಾಡಿಕೊಳ್ಳುವಂತೆ ಬಿಡುವುದಕ್ಕೆ ಅನಿರ್ಬಂಧ ವ್ಯಾಪಾರವೆಂದು ಹೆಸರು. ಇದರಿಂದ ಸರಕು ಹೇರಳವಾಗಿರುವ ಎಡೆಯಿಂದ ಕೊರತೆಯಿರುವ ಎಡೆಗೆ ತಾನಾಗಿಯೇ ಹರಿಯುವುದೆಂದು ಅರ್ಥಶಾಸ್ತ್ರಜ್ಞರು ಹೇಳುವರು. ಈ ಮಾತಿನಲ್ಲಿ ನಿಜವುಂಟು. ಆದರೆ ಅದು ಎಲ್ಲ ಕಾಲದಲ್ಲಿಯೂ ಎಲ್ಲರಿಗೂ ಒಂದೇ ಸಮನಾಗಿ ಫಲಿಸುವುದಿಲ್ಲ. ಈ ಸಂಗತಿಯನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಗ್ರಾಮಮುಖಂಡರೂ ಭೂಮಾಲೀಕರೂ ತಮ್ಮ ನೆಲದ ಚರಿತ್ರೆಯಿಂದಲೇ ಅರಿಯಬಹುದು.

1. ಹತ್ತಿಯ ಏರಿಳಿತ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಪ್ರಾರಂಭವಾಗಿ, ಅಲ್ಲಿನ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಅರಳೆಯಲ್ಲಿ ಮುಕ್ಕಾಲು ಪಾಲಿನಷ್ಟು ಅಲ್ಲಿಂದಲೇ ಬರುತ್ತಿದ್ದುದರಿಂದ ವರ್ತಕರು ಭಾರತದ ಕಡೆಗೆ ತಿರುಗಿದರು. ಬಳ್ಳಾರಿ, ಧಾರವಾಡ ಮೊದಲಾದ ಎರೆಭೂಮಿಯ ಹತ್ತಿಗೆ ಅಪೂರ್ವವಾದ ಬೆಲೆ ಬಂದಿತು. 1865ರಲ್ಲಿ ಯುದ್ಧವು ಮುಗಿಯಿತು; ಬೆಲೆಯು ಕುಸಿಯಿತು; ಮುಂಬಯಿಯಲ್ಲಿ ಅನೇಕ ವ್ಯಾಪಾರ ಸಂಸ್ಥೆಗಳು ದಿವಾಳಿಯಾದುವು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದವನಿಗೆ, ಬೆಲೆ ಇಳಿದರೂ ಸಾಲವು ಇಳಿಯದೆಂಬುದೇ ಇದರ ಪಾಠ.

2. ಧಾನ್ಯವಿದ್ದೂ ಹಸಿವು

1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೂ ನಡೆದ ಆ ಮಹಾಕ್ಷಾಮದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಅತಿಯಾಗಿ ಬಾಧೆಪಟ್ಟಿತು. ಹಿಂದೆ ಜೋಳವನ್ನು ಹಗೇವುಗಳಲ್ಲಿ ಕೂಡಿಡುವ ರೂಢಿಯಿತ್ತು. ರೈಲು ಬಂದ ಮೇಲೆ ಧಾನ್ಯವು ಬೆಲೆ ಹೆಚ್ಚಿರುವೆಡೆಗೆ ಸಾಗುವುದು ಸುಲಭವಾಯಿತು. ಅದೇ ರೈಲು ಕ್ಷಾಮದಲ್ಲಿ ಧಾನ್ಯವನ್ನು ತಂದದ್ದೂ ನಿಜ. ಆದರೆ ಕೂಲಿಯವನ ಕೈಯಲ್ಲಿ ಅದನ್ನು ಕೊಳ್ಳಲು ಹಣವಿರಲಿಲ್ಲ. ಪೇಟೆಯು ಹಣವುಳ್ಳವನ ಬೇಡಿಕೆಯನ್ನು ಕೇಳುವುದೇ ಹೊರತು ಹೊಟ್ಟೆಯ ಹಸಿವನ್ನು ಕೇಳುವುದಿಲ್ಲ.

ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕರು ಸರ್ಕಾರದ ವತಿಯಿಂದ 30,000 ಟನ್ ಧಾನ್ಯವನ್ನು ಕೊಳ್ಳಲು ಏರ್ಪಡಿಸಿದಾಗ, ಖಾಸಗಿ ವ್ಯಾಪಾರಕ್ಕೆ ಅಡ್ಡಿಯಾಗುವುದೆಂದು ವೈಸರಾಯ್ ಲಿಟ್ಟನ್ನರ ಸರ್ಕಾರವು ಆಕ್ಷೇಪಿಸಿತು. ಭಾರತದ ಗೋಧಿಯು ಇಂಗ್ಲೆಂಡಿಗೆ ರಫ್ತಾಗುವುದೂ ನಿಲ್ಲಲಿಲ್ಲ. ಮುಂದೆ 1880ರ ಕ್ಷಾಮ ಆಯೋಗವು ಪರಿಹಾರ ಕಾರ್ಯವು ಸರ್ಕಾರದ ಕರ್ತವ್ಯವೆಂದು ಒಪ್ಪಿತು. ಕ್ಷಾಮ ಸಂಹಿತೆಗಳು ಹುಟ್ಟಿದುವು.

3. ಒಂದು ತಕ್ಕಡಿ, ಎರಡು ತೂಕ

ಅನಿರ್ಬಂಧ ವ್ಯಾಪಾರದ ಹೆಸರಿನಲ್ಲಿಯೇ 1882ರಲ್ಲಿ ಭಾರತಕ್ಕೆ ಬರುವ ವಿದೇಶೀ ಬಟ್ಟೆಯ ಮೇಲಿನ ಸುಂಕವು ರದ್ದಾಯಿತು. ಬೊಕ್ಕಸದ ಕೊರತೆಯಿಂದ ಸುಂಕವು ಪುನಃ ಬಂದಾಗ, ಲಂಕಾಷೈರಿನವರ ಒತ್ತಾಯದಂತೆ 1896ರಲ್ಲಿ ವಿದೇಶೀ ಬಟ್ಟೆಗೆ ಶೇಕಡ 3½ ಸುಂಕವನ್ನೂ, ಅದಕ್ಕೆ ಸರಿಯಾಗಿ ಭಾರತದ ಗಿರಣಿ ಬಟ್ಟೆಗೂ ಶೇಕಡ 3½ ತೆರಿಗೆಯನ್ನೂ ವಿಧಿಸಲಾಯಿತು. ಈ ತೆರಿಗೆಯು ಹೋದದ್ದು 1926ರಲ್ಲಿ. ಆದುದರಿಂದ ನಿಯಮವನ್ನು ಬರೆಯುವವರು ಯಾರೆಂಬುದನ್ನು ನೋಡದೆ, ವ್ಯಾಪಾರವು ಸ್ವತಂತ್ರವೋ ಅಲ್ಲವೋ ಎಂದು ಹೇಳಲಾಗದು.

4. ಈಗಿನ ಸ್ಥಿತಿ

1991ರಲ್ಲಿ ಭಾರತವು ತನ್ನ ಆರ್ಥಿಕ ನೀತಿಯನ್ನು ಸಡಿಲಿಸಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸ್ಥಾಪಕ ಸದಸ್ಯವಾಯಿತು. ಆದರೆ ಶ್ರೀಮಂತ ದೇಶಗಳು ತಮ್ಮ ಬೆಳೆಗಾರರಿಗೆ ಸಹಾಯಧನ ಕೊಡುವುದನ್ನು ಬಿಡಲಿಲ್ಲ. ಅಮೆರಿಕದ ಹತ್ತಿ ಸಹಾಯಧನದ ವಿರುದ್ಧ ಬ್ರೆಜಿಲ್ ದೇಶವು 2002ರಲ್ಲಿ ದೂರಿತ್ತು, 2005ರಲ್ಲಿ ಗೆದ್ದಿತು. ಪಶ್ಚಿಮ ಆಫ್ರಿಕದ ಬೆನಿನ್, ಮಾಲಿ ಮೊದಲಾದ ಬಡ ದೇಶಗಳೂ 2003ರಲ್ಲಿ ಇದೇ ಅಳಲನ್ನು ಮುಂದಿಟ್ಟುವು.

ಭಾರತವು 2021ರಲ್ಲಿ ಹತ್ತಿಯ ಆಮದಿಗೆ ಶೇಕಡ 11ರಷ್ಟು ಸುಂಕವನ್ನು ಗೊತ್ತುಮಾಡಿ, 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಅದನ್ನು ಬಿಟ್ಟುಕೊಟ್ಟಿತು. ಗಿರಣಿಯವರಿಗೆ ಇದು ಅನುಕೂಲ. ಹತ್ತಿ ಬಿಡಿಸುವ ಕಾಲದಲ್ಲಿಯೇ ಬಂದುದರಿಂದ ಬೆಳೆಗಾರನಿಗೆ ಚಿಂತೆ. ಹಾಗೆಯೇ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ, 2024ರ ಸೆಪ್ಟೆಂಬರಿನಲ್ಲಿ ನಿಷೇಧವನ್ನು ತೆಗೆಯಲಾಯಿತು. ಕೊಂಡುಣ್ಣುವವನಿಗೆ ಅದು ರಕ್ಷೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದವನಿಗೆ ಹೊರದೇಶದ ಗಿರಾಕಿ ತಪ್ಪಿದಂತೆ. ಹೀಗೆ ಬಾಗಿಲು ತೆರೆದರೂ ಮುಚ್ಚಿದರೂ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಬಾಗಿಲು ಅಕಸ್ಮಾತ್ತಾಗಿ ಅಲುಗಾಡುವುದು ಮಾತ್ರ ಬಿತ್ತುವವನಿಗೆ ಯಾವಾಗಲೂ ಕೇಡು. ಏಕೆಂದರೆ ಬಿತ್ತಿದ ಬೀಜವನ್ನು ಹಿಂದಕ್ಕೆ ಪಡೆಯಲಾಗದು.

5. ಮಾಡತಕ್ಕದ್ದೇನು?

(ಅ) ಇಡೀ ಹಿಡುವಳಿಯನ್ನು ಒಂದೇ ಪೇಟೆ ಬೆಳೆಗೆ ಒಪ್ಪಿಸಬಾರದು. ಎರೆಯಲ್ಲಿ ಹತ್ತಿ, ಮೆಣಸಿನಕಾಯಿಗಳೊಡನೆ ಜೋಳ, ಕಡಲೆಗಳಿಗೂ ಎಡೆಯಿರತಕ್ಕದ್ದು.

(ಆ) ಬೆಂಬಲ ಬೆಲೆಯನ್ನು ಬಿತ್ತನೆಗೆ ಮುಂಚೆಯೇ ತಿಳಿದಿರಬೇಕು. 2025–26ನೆಯ ಸಾಲಿಗೆ ಕ್ವಿಂಟಾಲೊಂದಕ್ಕೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ಗೊತ್ತಾಗಿತ್ತು. ಹತ್ತಿಯಲ್ಲಿ ತೇವವು ಶೇಕಡ 8ನ್ನು ಮೀರಿದರೆ ಭಾರತ ಹತ್ತಿ ನಿಗಮವು ಬೆಲೆಯನ್ನು ಇಳಿಸುವುದು. 12ನ್ನು ಮೀರಿದರೆ ಕೊಳ್ಳುವುದೇ ಇಲ್ಲ. ಆದುದರಿಂದ ಚೆನ್ನಾಗಿ ಒಣಗಿಸಿಯೇ ಒಯ್ಯತಕ್ಕದ್ದು.

(ಇ) ಸುಗ್ಗಿಯ ದಿನವೇ ಮಾರುವ ನಿರ್ಬಂಧವನ್ನು ತಪ್ಪಿಸಿಕೊಳ್ಳಬೇಕು. ನೋಂದಾಯಿತ ಉಗ್ರಾಣದಲ್ಲಿ ಧಾನ್ಯವನ್ನಿಟ್ಟು ಅದರ ರಶೀದಿಯ ಮೇಲೆ ಸಾಲ ಪಡೆಯುವ ಏರ್ಪಾಡಿಗೆ 2007ರ ಕಾಯಿದೆಯ ಆಧಾರವುಂಟು.

(ಈ) ಹಿಡುವಳಿದಾರರು ಸಹಕಾರ ಸಂಘಗಳ ಮೂಲಕ ಒಟ್ಟಾಗಿ ಮಾರಬೇಕು. ಒಬ್ಬೊಬ್ಬನೇ ಬಂಡಿ ಹೂಡಿ ಹೋದಲ್ಲಿ ಬೆಲೆ ಹೇಳುವವನು ದಲಾಲಿಯೇ ಆಗುವನು.

(ಉ) ದೊಡ್ಡ ಹಿಡುವಳಿಯವರು ಕೂಲಿಯಾಳುಗಳನ್ನೂ ನೆನೆಯತಕ್ಕದ್ದು. 1876ರಲ್ಲಿ ಮೊದಲು ಅಳಿದವರು ಅವರೇ. ಊರಿನಲ್ಲಿ ಅವರ ಕೈಗೆ ಎಟುಕುವಷ್ಟು ಧಾನ್ಯವಿದ್ದರೆ ಬರದ ವರ್ಷದಲ್ಲಿ ಊರು ಉಳಿಯುವುದು.

ಪೇಟೆಯು ಒಳ್ಳೆಯ ಆಳು, ಕೆಟ್ಟ ಒಡೆಯ. ಅದನ್ನು ಆಳಾಗಿಯೇ ಇರಿಸಿಕೊಳ್ಳುವ ಎಚ್ಚರವು ಸರ್ಕಾರಕ್ಕೆ ಎಷ್ಟು ಅವಶ್ಯವೋ ಗ್ರಾಮಕ್ಕೂ ಅಷ್ಟೇ ಅವಶ್ಯ.