ಜೀವಕಣದಲ್ಲಿ ಸುಣ್ಣದ ಸಂದೇಶ

ಕಲಾವಿಭಾಗದ ವಿದ್ಯಾರ್ಥಿಗೆ ಜೀವಶಾಸ್ತ್ರದ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ತಂದೆಯವರಿಗೆ ತಾಯಿಯವರ ಒಂದು ಮೂತ್ರಪಿಂಡವನ್ನು ಜೋಡಿಸಿದ ದಿನದಿಂದ, ಬೆಳಿಗ್ಗೆ ಸಂಜೆ ತಪ್ಪದೆ ಟ್ಯಾಕ್ರೊಲಿಮಸ್ ಎಂಬ ಗುಳಿಗೆ ಕೊಡಬೇಕಾಗಿದೆ. ಔಷಧದ ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. “ಒಳಗೆ ಹೋಗಿ ಏನು ಮಾಡುತ್ತಪ್ಪಾ ಇದು?” ಎಂದು ತಾಯಿ ಕೇಳಿದಾಗ ಉತ್ತರ ತಿಳಿಯದೆ ನಾಚಿದೆ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಅರುಹಲು ಯತ್ನಿಸಿದ್ದೇನೆ.

ನಮ್ಮ ರಕ್ತದಲ್ಲಿರುವ ಟಿ-ಕಣಗಳೆಂಬ ಬಿಳಿಯ ಕಣಗಳಿಗೆ ಪರಕೀಯವಾದುದನ್ನು ಗುರುತಿಸುವುದೇ ಕಸುಬು. ಗುರುತು ಹತ್ತಿ ನಿಮಿಷ ಕಳೆಯುವಷ್ಟರಲ್ಲಿ ಕಣದೊಳಗೆ ಕ್ಯಾಲ್ಸಿಯಂ ಏರುತ್ತದೆ. ಎಲೆಯಡಿಕೆಯ ಸುಣ್ಣದಲ್ಲಿರುವ ಧಾತುವೇ ಇದು! ಕಣದ ಹೊರಗೆ ಅದು ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚಾಗಿರುವುದರಿಂದ, ಬಾಗಿಲು ತೆರೆದರೆ ಸಾಕು, ನುಗ್ಗಿಬರುತ್ತದೆ. ಆ ಬಾಗಿಲಿಗೆ ಒರೈ ಎಂದು ಹೆಸರು. ಅದು ಹುಟ್ಟಿನಿಂದಲೇ ಕೆಟ್ಟಿರುವ ಶಿಶುಗಳಿಗೆ ಸೋಂಕನ್ನೆದುರಿಸುವ ಶಕ್ತಿ ಇರುವುದಿಲ್ಲವೆಂದು 2006ರಲ್ಲಿ ತಿಳಿದುಬಂದಿತು. ಇದೇ ಬಾಗಿಲು ನೊಣದ ನರಕಣಗಳಲ್ಲಿಯೂ ಉಂಟು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಗೈತಿ ಹಸನ್ ಅವರು ಅದನ್ನು ಕುರಿತು ಸಂಶೋಧನೆ ನಡೆಸಿದ್ದಾರೆ.

ಕಾಣದ ಸುಣ್ಣವನ್ನು ಕಾಣಿಸಿದ ಉಪಾಯವೇ ನನಗೆ ಎಲ್ಲಕ್ಕಿಂತ ಸೊಗಸೆನಿಸಿತು. ರೋಜರ್ ಚೆನ್ ಎಂಬ ವಿಜ್ಞಾನಿಯೂ ಸಂಗಡಿಗರೂ 1982ರಲ್ಲಿ ಕ್ವಿನ್-2 ಎಂಬ ಬಣ್ಣವನ್ನು ಇಂಥ ಬಿಳಿಯ ಕಣಗಳೊಳಗೇ ಸೇರಿಸಿ ಕ್ಯಾಲ್ಸಿಯಂ ಅಳೆದರು. ಬಣ್ಣಕ್ಕೆ ಒಂದು ಮುಸುಕು ಹಾಕಿದರೆ ಅದು ಕಣದ ಪೊರೆಯನ್ನು ದಾಟುತ್ತದೆ. ಒಳಗೆ ಕಣವೇ ಆ ಮುಸುಕನ್ನು ಕತ್ತರಿಸುತ್ತದೆ, ಬಣ್ಣ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಬಂದ ನೆಂಟರ ಛತ್ರಿಯನ್ನು ಬಚ್ಚಿಟ್ಟು ಮಳೆಯಲ್ಲಿ ನಿಲ್ಲಿಸಿಕೊಂಡ ಹಾಗೆ! 1985ರಲ್ಲಿ ಬಂದ ಫ್ಯೂರಾ-2 ಇನ್ನೂ ಜಾಣ ಬಣ್ಣ. ಕ್ಯಾಲ್ಸಿಯಂ ಏರಿದಾಗ 340 ನ್ಯಾನೊಮೀಟರಿನ ಬೆಳಕಿಗೆ ಅದರ ಹೊಳಪು ಹೆಚ್ಚುತ್ತದೆ, 380ರ ಬೆಳಕಿಗೆ ಕುಗ್ಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ, ಬಣ್ಣ ಒಂದು ಕಣಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸೇರಿದ್ದರೂ ಲೆಕ್ಕ ಕೆಡುವುದಿಲ್ಲ. ಸೂಕ್ಷ್ಮದರ್ಶಕದಡಿ ಒಂದೊಂದೇ ಕಣ ಎಚ್ಚತ್ತುಕೊಳ್ಳುವುದನ್ನು ಹೀಗೆ ನೋಡಬಹುದು.

ಇನ್ನು ಗುಳಿಗೆಯ ವಿಷಯ. ಏರಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದರಿಂದ ಕಣದ ನಡುವಣ ಬೀಜಕ್ಕೆ ಹೋರಾಟದ ಅಪ್ಪಣೆ ಮುಟ್ಟುತ್ತದೆ. ಟ್ಯಾಕ್ರೊಲಿಮಸ್ ಕಟ್ಟಿಹಾಕುವುದು ಆ ಕಿಣ್ವವನ್ನೇ. ಗಂಟೆ ಬಾರಿಸಿದರೂ ಏಳುವವರಿಲ್ಲ. ನಿಜವಾದ ಸೋಂಕು ಬಂದಾಗಲೂ ಹಾಗೆಯೇ. ತಂದೆಯವರನ್ನು ಜಾತ್ರೆ, ಮದುವೆಗಳಿಗೆ ನಾವು ಕಳುಹಿಸದಿರುವುದು ಅದಕ್ಕಾಗಿ.

ಇಷ್ಟನ್ನೂ ತಾಯಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಕೊಟ್ಟದ್ದೂ ಅದಕ್ಕೆ ಪರಕೀಯವೇನಪ್ಪಾ?” ಎಂದರು. ಹೌದೆಂದೆ. ಎಂಟು ಗಂಟೆಯಾಗಿತ್ತು; ನೀರು ತರಲು ಒಳಗೆ ಹೋದರು.