ಸೇವೆ ಎಂಬ ಮುಯ್ಯಿ

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಯಜ್ಞದ ಅರ್ಥವನ್ನು ವಿವರಿಸುತ್ತಾನೆ. ಮನುಷ್ಯರು ದೇವತೆಗಳನ್ನು ಪೋಷಿಸಬೇಕು, ದೇವತೆಗಳು ಮನುಷ್ಯರನ್ನು ಪೋಷಿಸುತ್ತಾರೆ. ಈ ಪರಸ್ಪರ ಪೋಷಣೆಯಿಂದಲೇ ಶ್ರೇಯಸ್ಸು. ಪಡೆದುದನ್ನು ಹಿಂದಿರುಗಿಸದೆ ಅನುಭವಿಸುವವನನ್ನು ಗೀತೆ ಕಳ್ಳನೆಂದೇ ಕರೆಯುತ್ತದೆ. ಅಂದರೆ ಸೇವೆಯೆಂಬುದು ಒಬ್ಬರು ಕೊಡುತ್ತಲೇ, ಮತ್ತೊಬ್ಬರು ಪಡೆಯುತ್ತಲೇ ಇರುವುದಲ್ಲ. ಅದು ತಿರುಗುವ ಚಕ್ರ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಮುಯ್ಯಿ’ ಎನ್ನುತ್ತಿದ್ದರು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ರೈತರ ಸಹಕಾರಿ ಸಂಘ ಆರಂಭವಾಯಿತು. ಮುಯ್ಯಿಯ ಮನಸ್ಸಿಗೆ ಅಲ್ಲಿ ನಿಯಮ, ಸಭೆ, ಲೆಕ್ಕಪುಸ್ತಕಗಳೂ ಜೊತೆಗೂಡಿದವು. ಸದುದ್ದೇಶ ಬಹುಕಾಲ ಬಾಳಲು ಇವೂ ಬೇಕು.

ನಾವಿರುವ ಇಪ್ಸ್‌ವಿಚ್ ಕೂಡ ಈ ಪಾಠವನ್ನು ಕಂಡಿದೆ. 2011ರ ಜನವರಿ 12ರಂದು ಬ್ರೆಮರ್ ನದಿ ಇಲ್ಲಿ 19 ಮೀಟರಿಗೂ ಮೇಲೆ ಉಕ್ಕಿತು. ಗುಡ್ನಾ ಮೊದಲಾದ ಕಡೆ ಮನೆಗಳು ಮುಳುಗಿದವು. ನೀರಿಳಿದ ಮೇಲೆ ಬಕೆಟ್ಟು, ಸಲಿಕೆ, ಪೊರಕೆ ಹಿಡಿದ ಜನ ಗುರುತು ಪರಿಚಯವಿಲ್ಲದವರ ಮನೆಯ ಕೆಸರನ್ನು ಬಳಿದರು. ಬ್ರಿಸ್ಬೇನಿನಲ್ಲಿ ಇಂಥ ಸಾವಿರಾರು ಜನರಿಗೆ ‘ಮಡ್ ಆರ್ಮಿ’ ಎಂಬ ಹೆಸರೇ ಬಂತು. ಕನ್ನಡದಲ್ಲಿ ಪ್ರವಾಹವೂ ನೆರೆ, ಅಕ್ಕಪಕ್ಕವೂ ನೆರೆ. ಅಂದು ನೆರೆ ಬಂದಾಗ ನೆರೆಯವರು ಬಂದರು.

ಆದರೆ ಕಿತ್ತಳೆ ಸಮವಸ್ತ್ರದ ಎಸ್‌ಇಎಸ್ ಸ್ವಯಂಸೇವಕರು ಪ್ರವಾಹದ ದಿನವೇ ತಯಾರಾದವರಲ್ಲ. ಮಳೆಯಿಲ್ಲದ ದಿನಗಳಲ್ಲಿ ಅಭ್ಯಾಸ ಮಾಡಿದ್ದರಿಂದಲೇ ಮಳೆಯ ದಿನ ಒದಗಿದರು.

ನಮ್ಮ ಸಂಘದ ವಿಷಯವೂ ಹೀಗೆಯೇ. ಹಬ್ಬದ ದಿನ ಪ್ರಸಾದ ಬಡಿಸಲು ಕೈಗಳು ಬಹಳ. ಪಾತ್ರೆ ತೊಳೆಯುವಾಗ ಕಡಿಮೆ. ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿ ಯಾರು ಎಂದು ಕೇಳಿದರೆ ಎಲ್ಲರ ದೃಷ್ಟಿ ನೆಲದ ಕಡೆಗೆ! ಕ್ವೀನ್ಸ್‌ಲ್ಯಾಂಡಿನ 1981ರ ಸಂಘಗಳ ಕಾಯಿದೆಯಂತೆ ನೋಂದಾಯಿತ ಸಂಘಕ್ಕೆ ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ ಇರಲೇಬೇಕು. ಪ್ರತಿವರ್ಷ ಸದಸ್ಯರ ಮುಂದೆ ಲೆಕ್ಕ ಇಡಬೇಕು. ಇದನ್ನು ಅದೇ ಮೂರು ನಾಲ್ಕು ಮನೆಯವರು ಹೊತ್ತರೆ ಒಂದು ದಿನ ದಣಿಯುತ್ತಾರೆ. ಅವರು ನಿಂತರೆ ಸಂಘವೂ ನಿಲ್ಲುತ್ತದೆ, ಮಕ್ಕಳ ಕನ್ನಡ ತರಗತಿಯೂ ನಿಲ್ಲುತ್ತದೆ.

ಇನ್ನೊಂದು ಮಾತು. ಕೊಡಲು ಬಂದಂತೆ ಪಡೆಯಲೂ ಬರಬೇಕು. ಮನೆಯಲ್ಲಿ ಬಾಣಂತಿ ಇದ್ದಾಗ, ಊರಿನಿಂದ ಸಾವಿನ ಸುದ್ದಿ ಬಂದು ರಾತ್ರೋರಾತ್ರಿ ವಿಮಾನ ಹತ್ತಬೇಕಾದಾಗ, ‘ಅವರಿಗೆ ಯಾಕೆ ತೊಂದರೆ’ ಎಂದು ನಾವು ಸುಮ್ಮನಾಗುತ್ತೇವೆ. ಕೇಳದೆ ಹೋದರೆ ಮುಯ್ಯಿ ತೀರಿಸುವ ಅವಕಾಶ ಇತರರಿಗೆ ತಪ್ಪುತ್ತದೆ. ಚಕ್ರ ಅಲ್ಲೇ ನಿಲ್ಲುತ್ತದೆ.

ಆಚರಣೆಗೆ ಎರಡು ಸಲಹೆಗಳು: ಪ್ರತಿ ಮನೆಯೂ ವರ್ಷಕ್ಕೆ ಒಂದು ಸಣ್ಣ ಹೊಣೆಯನ್ನಾದರೂ ಒಪ್ಪಿಕೊಳ್ಳಲಿ. ಪ್ರತಿ ಪದಾಧಿಕಾರಿಯ ಪಕ್ಕದಲ್ಲಿ ಕೆಲಸ ಕಲಿಯುವ ಒಬ್ಬರು ಇರಲಿ. ಮಕ್ಕಳಿಗೆ ಕಲಿಸಲು ಬರುವವರು ಮೊದಲೇ ಬ್ಲೂ ಕಾರ್ಡ್ ಪಡೆದಿರಬೇಕು. ಸ್ವಯಂಸೇವಕರಿಗೆ ಅದು ಉಚಿತ.

ಮನೆಯಲ್ಲಿ ಮಕ್ಕಳೊಂದಿಗೆ ಚರ್ಚಿಸಿ:
1. ಈ ವರ್ಷ ನಮ್ಮ ಮನೆ ಯಾರಿಂದ ಏನು ಪಡೆಯಿತು?
2. ಆ ಮುಯ್ಯಿಯನ್ನು ಅವರಿಗೇ ತೀರಿಸಬೇಕೆ, ಬೇರೆಯವರಿಗೆ ತೀರಿಸಿದರೂ ಆದೀತೆ?
3. ಮುಂದಿನ ಮಹಾಸಭೆಯಲ್ಲಿ ನಮ್ಮ ಮನೆಯಿಂದ ಯಾರು ಕೈ ಎತ್ತುತ್ತೇವೆ?