ತಂತಿಯ ಕೆಳಗೆ ನಿಂತರೆ ರಕ್ತ ಕೆಡುತ್ತದೆಯೇ?

ಹೊಲದ ಮೇಲೆ ದೊಡ್ಡ ಕರೆಂಟು ತಂತಿ ಹೋಗಿದೆ. ಮಳೆ ಬಂದಾಗ ಅದು ಜುಯ್ ಅನ್ನುತ್ತದೆ. ಕಳೆ ತೆಗೆಯುವ ಹೆಂಗಸರಿಗೆ ಎದೆ ಝಲ್ ಅನ್ನುತ್ತೆ. "ಬಸುರಿ ಅದರ ಕೆಳಗೆ ಹೋಗಬಾರದಂತೆ, ರಕ್ತ ಕೆಡುತ್ತಂತೆ" ಅಂತಾರೆ. ಇದು ನಿಜವೇ? ನೋಡೋಣ ಬನ್ನಿ.

ಕರೆಂಟು ಹರಿಯುವುದು ತಂತಿಯಲ್ಲಿ. ಅದರ ಪ್ರಭಾವ ಮಾತ್ರ ಸುತ್ತಲೂ ಹರಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಯಸ್ಕಾಂತ ಮುಟ್ಟದೆಯೇ ಸೂಜಿಯನ್ನು ಎಳೆಯುತ್ತದಲ್ಲ, ಹಾಗೆ. ದೂರ ಹೋದಂತೆ ಈ ಪ್ರಭಾವ ಬೇಗ ಇಳಿಯುತ್ತದೆ. ಮಿಕ್ಸಿಯ ಪಕ್ಕ ಹೆಚ್ಚು, ಎರಡು ಮಾರು ಆಚೆ ತೀರಾ ಕಡಿಮೆ.

ಗೋಡೆಗೆ ಇಟ್ಟಿಗೆ ಇದ್ದ ಹಾಗೆ ನಮ್ಮ ಮೈಗೆ ಜೀವಕೋಶ. ಅದರ ಸುತ್ತ ತೆಳು ಪೊರೆ. ಆ ಪೊರೆಯಲ್ಲೂ ಚೂರು ಕರೆಂಟಿದೆ! ಗುಂಡಿಗೆ ಬಡಿಯುವುದು, ಕೈ ಎತ್ತುವುದು ಅದರಿಂದಲೇ. ಹೊರಗಿನ ಪ್ರಭಾವ ವಿಪರೀತ ಜೋರಾದರೆ ನರ ಜುಮ್ ಅನ್ನುತ್ತದೆ, ಕಣ್ಣಮುಂದೆ ಮಿಣುಕು ಕಾಣುತ್ತದೆ. ಮನೆಯಲ್ಲಿ ಅಷ್ಟು ಜೋರು ಇರುವುದಿಲ್ಲ. ಎಕ್ಸ್-ರೇ ಜೀವಕೋಶದ ಒಳಗನ್ನು ಒಡೆಯಬಲ್ಲದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ, ಅಷ್ಟೆ. ಅದರ ಪ್ರಭಾವಕ್ಕೆ ಒಡೆಯುವ ಶಕ್ತಿ ಇಲ್ಲ.

ಮತ್ತೆ ಭಯ ಎಲ್ಲಿಂದ ಬಂತು? ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ಥೈಮರ್ ಎಂಬ ಹೆಣ್ಣುಮಗಳು ಒಂದು ಕೆಲಸ ಮಾಡಿದರು. ಕ್ಯಾನ್ಸರಿನಿಂದ ಸತ್ತ ಮಕ್ಕಳ ಮನೆಗಳನ್ನು ಹುಡುಕಿಕೊಂಡು ಹೋದರು. ಎಷ್ಟೋ ಮನೆಗಳ ಹತ್ತಿರ ದಪ್ಪ ತಂತಿಗಳಿದ್ದವು. 1979ರಲ್ಲಿ ಇದು ಪ್ರಕಟವಾಯಿತು. ಬೇರೆ ದೇಶಗಳಲ್ಲೂ ಲೆಕ್ಕ ಹಾಕಿದರು. ಪ್ರಭಾವ ಹೆಚ್ಚಿದ್ದ ಕೆಲವೇ ಮನೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತು. ಆದರೆ ಜೀವಕೋಶಗಳನ್ನು ಇಟ್ಟು ಪರೀಕ್ಷಿಸಿದಾಗ ಗಟ್ಟಿ ಕಾರಣ ಸಿಗಲಿಲ್ಲ. ಬಸುರಿಗೆ ಕೇಡು ಅನ್ನುವುದಕ್ಕೂ ಗಟ್ಟಿ ಪುರಾವೆ ಸಿಕ್ಕಿಲ್ಲ.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಅನುಮಾನದ ಪಟ್ಟಿಗೆ ಸೇರಿಸಿತು. ಸಾಬೀತಾದವುಗಳ ಪಟ್ಟಿ ಬೇರೆ. ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪು ಇರುವುದು ಆ ಪಟ್ಟಿಯಲ್ಲಿ. ಅದಕ್ಕೆ ಮಾತ್ರ ನಾವು ಹೆದರುವುದೇ ಇಲ್ಲ, ನೋಡಿ!

ತಂತಿಯ ನಿಜವಾದ ಅಪಾಯ ಬೇರೆ. ಕರೆಂಟು ಮೈಯೊಳಗೆ ಹರಿದರೆ ಗುಂಡಿಗೆ ನಿಲ್ಲಬಹುದು. ದೊಡ್ಡ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಅದರ ಕೆಳಗೆ ಕಬ್ಬಿಣದ ಪೈಪು, ಹಸಿ ಗಳ ಎತ್ತಬೇಡಿ. ಮನೆ ಕಟ್ಟಬೇಡಿ. ತುಂಡಾಗಿ ಬಿದ್ದ ತಂತಿಯ ಹತ್ತಿರ ಮಕ್ಕಳನ್ನು, ದನಗಳನ್ನು ಬಿಡಬೇಡಿ. ಲೈನ್‌ಮನ್‌ಗೆ ಹೇಳಿ ಕಳಿಸಿ, ಇಲ್ಲವೇ 1912ಕ್ಕೆ ಫೋನ್ ಮಾಡಿ.

ಓದಿ, ಹೇಳಿ:
ಹೊಗೆಸೊಪ್ಪು ಯಾವ ಪಟ್ಟಿಯಲ್ಲಿದೆ?
ನಿಮ್ಮ ಹೊಲದಲ್ಲಿ ತಂತಿ ಜೋತುಬಿದ್ದಿದೆಯೇ? ಯಾರಿಗೆ ಹೇಳಿದ್ದೀರಿ?